ಕೌದಿ ಹಾಸಿ ಎದೆ ಕೇಳಿದ ಸಿರಾಜುದ್ದೀನ ಸಾಹೇಬರು

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿ ಪಶುವೈದ್ಯ ಸೇವೆ ನಡೆದು ಬಂದ ಬಗೆಯನ್ನು ಯಾರಾದರೂ ಬರೆಯಲು ಕುಳಿತರೆ ಎತ್ತು ಎಮ್ಮೆಗಳ ಸಂಗತಿಗೆ ನೂರು ಪುಟ ಬೇಕಾದೀತು, ನಾಯಿಗಳ ಸಂಗತಿಗೆ ಅರ್ಧ ಪುಟ ಸಾಕಾದೀತು. ಆದರೆ ಆ ಅರ್ಧ ಪುಟವನ್ನು ಕಂಪೌಂಡರ್ ಸಿರಾಜುದ್ದೀನ ಸಾಹೇಬರ ಹೆಸರಿಲ್ಲದೆ ಬರೆಯಲು ಯಾರಿಂದಲೂ ಆಗದು. ಜಾತಿನಾಯಿ ಎಂದು ನಮ್ಮ ಜನ ಕರೆಯುವ, ವಂಶದ ಕಾಗದ ಜೊತೆಗಿಟ್ಟುಕೊಂಡು ಬರುವ ಅಲ್ಸೇಶನ್ ನಾಯಿಗಳು ನೋಡಲಿಕ್ಕೆ ಹುಲಿಯಂತಿದ್ದರೂ ಕೆಲವು ಹುಟ್ಟುವಾಗಲೇ ಎದೆಗುಂಡಿಗೆಯಲ್ಲಿ ದೋಷ ತಂದಿರುತ್ತವೆ ಎಂಬುದನ್ನು, ಆ ದೋಷವನ್ನು ಮರಿ ತಾಯಿಯ ಮಗ್ಗುಲು ಬಿಡುವ ಮೊದಲೇ ಕಿವಿಯಿಂದ ಹಿಡಿಯಬಹುದು ಎಂಬುದನ್ನು ಈ ಭಾಗಕ್ಕೆ ತೋರಿಸಿಕೊಟ್ಟವರು ಅವರು. ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಯಂತ್ರಗಳಿವೆಯಂತೆ. ಸಾಹೇಬರ ಬಳಿ ಇದ್ದದ್ದು ಒಂದು ಹಳೆಯ ಸ್ಟೆತಸ್ಕೋಪು, ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ ಮತ್ತು ಎಷ್ಟು ಹೊತ್ತಾದರೂ ಕಾಯುವ ಸಮಾಧಾನ.

ಅವರ ಕಿವಿ ತಯಾರಾದದ್ದು ಆಸ್ಪತ್ರೆಯಲ್ಲಿ ಅಲ್ಲವೇ ಅಲ್ಲ. ಶಹಾಬಾದದ ಮಗ್ಗುಲಿನ ಭಂಕೂರದಲ್ಲಿ ಅವರ ತಂದೆ ನಬೀಸಾಬ್ ಫರಸಿ ಕಲ್ಲು ಕಡಿಯುತ್ತಿದ್ದರು. ಕಲ್ಲುಗಣಿಯಿಂದ, ನಮ್ಮ ಮಾತಿನಲ್ಲಿ ಕಣಿಯಿಂದ, ಎಬ್ಬಿಸಿದ ಒಂದೊಂದು ಹಾಸುಗಲ್ಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ತಲೆ ವಾಲಿಸಿ ಕೇಳಿ, ಆಮೇಲೆ ಬಂಡಿಗೆ ಏರಿಸುವುದು ಅವರ ಪದ್ಧತಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಹೊಟ್ಟೆಯೊಳಗೆ ಬಿರುಕು ಬಿಟ್ಟ ಕಲ್ಲು, ಮೇಲೆ ಎಷ್ಟೇ ನುಣುಪಾಗಿದ್ದರೂ, ದಬ್ ಎನ್ನುತ್ತದೆ. ಏಳು ವರ್ಷದ ಸಿರಾಜುದ್ದೀನರು ಕಣ್ಣು ಮುಚ್ಚಿಕೊಂಡು ಕುಳಿತು, ತಂದೆ ತಟ್ಟಿದ ಕಲ್ಲಿಗೆಲ್ಲ ‘ಇಡು’, ‘ತೆಗಿ’ ಎಂದು ಹೇಳುತ್ತಿದ್ದರಂತೆ. ನಬೀಸಾಬರು ಮಗನ ಮಾತಿನ ಮೇಲೆ ಬಂಡಿ ತುಂಬುತ್ತಿದ್ದರಂತೆ.

ಸಾವಿರದ ಒಂಬೈನೂರ ಐವತ್ತಾರರಲ್ಲಿ, ಈ ಭಾಗ ಮೈಸೂರು ರಾಜ್ಯಕ್ಕೆ ಸೇರಲು ಇನ್ನು ಕೆಲವೇ ವಾರ ಇರುವಾಗ, ಅವರು ಸೇಡಂನ ದನದ ದವಾಖಾನೆಗೆ ಕಂಪೌಂಡರರಾಗಿ ಬಂದರು. ಬಂದಾಗ ದಫ್ತರವೆಲ್ಲ ಉರ್ದುವಿನಲ್ಲಿತ್ತು. ಸ್ವಲ್ಪ ದಿನಕ್ಕೆಲ್ಲ ಕನ್ನಡದಲ್ಲಿ ಬರೆಯಿರಿ ಎಂಬ ಹುಕುಂ ಬಂತು. ವಯಸ್ಸಿನಲ್ಲಿ ಹಿರಿಯರಾದ ಎಷ್ಟೋ ನೌಕರರು ಗೊಣಗಿದರು. ಸಾಹೇಬರು ಮಾತ್ರ ಒಂದನೆಯ ಇಯತ್ತೆಯ ಪುಸ್ತಕ ತಂದು ದವಾಖಾನೆಯ ಕಟ್ಟೆಯ ಮೇಲೆ, ಎತ್ತು ಹಿಡಿದುಕೊಂಡು ಬಂದ ರೈತರ ನಡುವೆ, ಗಟ್ಟಿಯಾಗಿ ಓದತೊಡಗಿದರು. ತಪ್ಪಿದರೆ ರೈತರೇ ತಿದ್ದುತ್ತಿದ್ದರು. ಆರು ತಿಂಗಳಿಗೆ ಅವರ ಕನ್ನಡ ಅಕ್ಷರ ಮುತ್ತು ಪೋಣಿಸಿದಂತಾಯಿತು.

ಅರವತ್ತೊಂದರಲ್ಲಿ ಚಿಂಚೋಳಿಗೆ ವರ್ಗವಾದಾಗ ಅವರಿಗೆ ಗುರು ಸಿಕ್ಕರು. ಅಲ್ಲಿನ ಪಶುವೈದ್ಯರಾದ ಡಾಕ್ಟರ್ ಮಡಿವಾಳಯ್ಯನವರು ಒಂದು ದಿನ ಕೊಡ್ಲಿ ಎಂಬ ಊರಿನಿಂದ ಬಂದ ಒಂದು ಹೋರಿಗರುವಿನ ಎದೆಗೆ ಸ್ಟೆತಸ್ಕೋಪು ಹಚ್ಚಿ ಕೇಳಿ, ಅದನ್ನು ತೆಗೆದು ಕಂಪೌಂಡರರ ಕೈಗೆ ಕೊಟ್ಟರು.

“ಕೇಳ್ರಿ ಸಿರಾಜ್. ಏನು ಕೇಳ್ತದ ಹೇಳ್ರಿ.”

“ಎರಡು ಬಡಿತ ಅದಾವ ಡಾಕ್ಟ್ರೆ. ನಡುವ ಯಾರೋ ಮರಳು ಎಳದಂಗ ಸರ್ ಅಂತದ.”

“ಆ ಮರಳು ಕೇಳಾಕ ನನಗ ಮೂರು ವರ್ಷ ಬೇಕಾತು ನೋಡ್ರಿ,” ಎಂದು ಡಾಕ್ಟರು ನಕ್ಕರು. ಅಂದಿನಿಂದ ಎರಡು ವರ್ಷ ಅವರು ತಮಗೆ ಗೊತ್ತಿದ್ದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಕಲಿಸಿದರು. ಗುಂಡಿಗೆಯ ಯಾವ ಬಾಗಿಲು ಎಲ್ಲಿ ಕೇಳುತ್ತದೆ, ಮುಂಗಾಲಿನ ಕಂಕುಳ ಮೇಲುಗಡೆ ಏಕೆ ಕೇಳಲೇಬೇಕು, ತೊಡೆಯ ಒಳಮಗ್ಗುಲಿನ ನಾಡಿ ಸಪ್ಪಗಿದ್ದರೆ ಏನರ್ಥ ಎಂಬುದೆಲ್ಲ ಅವರ ಬಾಯಿಂದಲೇ ಬಂತು. ಒಂದೇ ವಂಶದೊಳಗೆ ಮತ್ತೆ ಮತ್ತೆ ಕೂಡಿಸಿದ ಜಾತಿನಾಯಿಗಳಲ್ಲಿ ಇಂಥ ದೋಷ ತಂದೆಯಿಂದ ಮಗನಿಗೆ ಬರುತ್ತದೆ, ತಂದೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರೂ ಬರುತ್ತದೆ ಎಂದೂ ಅವರು ಹೇಳಿದ್ದರು. ವರ್ಗವಾಗಿ ಹೋಗುವಾಗ ಡಾಕ್ಟರು ತಮ್ಮ ಹಳೆಯ ಸ್ಟೆತಸ್ಕೋಪನ್ನು ಶಿಷ್ಯನ ಕೊರಳಿಗೆ ಹಾಕಿ ಹೋದರು. ರಬ್ಬರು ನಾಲ್ಕು ಸಲ ಬದಲಾದರೂ ಅದೇ ಸ್ಟೆತಸ್ಕೋಪು ನಿವೃತ್ತಿಯ ದಿನದವರೆಗೆ ಅವರ ಕೊರಳಲ್ಲಿತ್ತು.

ಅರವತ್ತಾರರಲ್ಲಿ ಶಹಾಬಾದಕ್ಕೆ ಬಂದಾಗ ಅಲ್ಲಿ ಅಲ್ಸೇಶನ್ ನಾಯಿಯ ಹುಚ್ಚು ಹೊಸದಾಗಿ ಹಿಡಿದಿತ್ತು. ಸಿಮೆಂಟು ಕಾರ್ಖಾನೆಯ ಬಂಗಲೆಗಳು, ರೈಲ್ವೆಯ ಕ್ವಾರ್ಟರ್ಸು, ಕಲ್ಲಿನ ಕಣಿಯ ಸಾಹುಕಾರರ ವಾಡೆಗಳು, ಎಲ್ಲ ಕಡೆ ಕಿವಿ ನೆಟ್ಟಗೆ ಮಾಡಿದ ನಾಯಿಗಳು. ದವಾಖಾನೆಗೆ ದನಗಳ ಜೊತೆ ನಾಯಿಗಳೂ ಸಾಲು ಹಚ್ಚಿದವು. ಸಾಹೇಬರು ಐದು ಹೊತ್ತು ನಮಾಜು ಬಿಡದವರು. ನಾಯಿ ಮುಟ್ಟುವ ಕೆಲಸಕ್ಕೆ ಬೇರೆ ಒಂದು ಜೊತೆ ಬಟ್ಟೆಯನ್ನು ದವಾಖಾನೆಯ ಪೆಟ್ಟಿಗೆಯಲ್ಲೇ ಇಟ್ಟು, ಕೆಲಸ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಮನೆಗೆ ಹೋಗುತ್ತಿದ್ದರು. ಆದರೂ ಓಣಿಯವರ ಬಾಯಿ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಹಮೀದಾಬಿ ಒಂದು ದಿನ ಗೋಡೆಯ ಆಚೆಯಿಂದ, “ಏನವ್ವಾ ಹಸೀನಾ, ನಿನ್ನ ಗಂಡ ಊರ ನಾಯಿಗೆಲ್ಲ ಹಕೀಮ ಆಗ್ಯಾನಂತಲ್ಲ!” ಎಂದು ಚುಚ್ಚಿದಳು. ಸಾಹೇಬರ ಮಡದಿ ಹಸೀನಾಬೇಗಂ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. “ಹೌದಕ್ಕಾ. ನಾಯಿ ಬೊಗಳಿದ್ರ ಅದಕೇನು ಬೇನೆ ಅಂತ ಅವರಿಗಿ ತಿಳೀತದ. ಮಂದಿ ಬೊಗಳಿದ್ರ ಮಾತ್ರ ತಿಳಿಯಂಗಿಲ್ಲ ನೋಡು,” ಎಂದರು. 

ಚೀಟಿಯ ಪದ್ಧತಿ ಶುರುವಾದದ್ದು ಆ ದಿನಗಳಲ್ಲೇ. ರೈಲ್ವೆ ಕ್ವಾರ್ಟರ್ಸಿನ ಒಂದು ಮರಿ ಐದು ತಿಂಗಳಿಗೆ ಹೊಟ್ಟೆ ಊದಿಕೊಂಡು ಸತ್ತಿತು. ಎದೆಯಲ್ಲಿ ಹುಟ್ಟುದೋಷ ಇದ್ದದ್ದನ್ನು ಸಾಹೇಬರು ಕೇಳಿ ಹೇಳಿದ್ದರು, ಆಗ ಹೊತ್ತು ಮೀರಿತ್ತು. ಮರಿ ಕೊಳ್ಳುವವರು ಅಂದಿನಿಂದ ಮೊದಲು ಅವರಿಂದ ಮರಿಯ ಎದೆ ಕೇಳಿಸತೊಡಗಿದರು. ಎಂಟು ವಾರ ತುಂಬಿದ ಮರಿಯ ಎದೆಯನ್ನು ಕೇಳಿ, ದೋಷವಿಲ್ಲದಿದ್ದರೆ ಒಂದು ಸಣ್ಣ ಚೀಟಿಯಲ್ಲಿ ತಾರೀಖು, ಮರಿಯ ಬಣ್ಣ, ತಾಯಿತಂದೆಯ ಹೆಸರು ಬರೆದು ಕೆಳಗೆ ‘ಠೀಕ’ ಎಂದು ಬರೆದು ಸಹಿ ಹಾಕುತ್ತಿದ್ದರು. ಎರಡು ವರ್ಷದೊಳಗೆ ವಾಡಿಯಿಂದ ಚಿಂಚೋಳಿಯವರೆಗೆ, ವಂಶದ ಕಾಗದ ಇಲ್ಲದಿದ್ದರೂ ನಡೆಯುತ್ತದೆ, ಸಿರಾಜಸಾಬರ ಠೀಕ ಬೇಕು ಎನ್ನುವಂತಾಯಿತು.

ಆ ದವಾಖಾನೆಯಲ್ಲಿ ಕಸ ಗುಡಿಸಿ ನೀರು ತುಂಬುತ್ತಿದ್ದ ಶರಣಬಸಮ್ಮ ಎಂಬಾಕೆ ಪಗಾರದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಕಂಡು, “ತಂಗೀ, ನಾ ದೊಡ್ಡಾಂವ ಆದಮ್ಯಾಲ ಅಕ್ಷರ ಕಲ್ತೀನಿ. ನಿನಗೇನು ಧಾಡಿ?” ಎಂದು ರಾತ್ರಿಶಾಲೆಗೆ ಹಚ್ಚಿದವರೂ ಸಾಹೇಬರೇ. ಮೂರು ವರ್ಷಕ್ಕೆ ಆಕೆ ಮರಿಗಳ ರಿಜಿಸ್ಟರು ಬರೆಯುವಷ್ಟು ಆದಳು. ಈ ಲೇಖನ ಬರೆದವಳೂ ಅವಳೇ ಆದ್ದರಿಂದ ಅವಳ ಮಾತು ಇಷ್ಟಕ್ಕೇ ಸಾಕು.

ಸಾಹೇಬರ ನಿವೃತ್ತಿಗೆ ತರುತ್ತಿರುವ ಇಂಥ ಅಭಿನಂದನ ಗ್ರಂಥದಲ್ಲಿ ದೊಡ್ಡವರ ತಪ್ಪು ಬರೆಯುವ ರೂಢಿಯಿಲ್ಲ ಎಂದು ಸಂಪಾದಕರು ಹೇಳಿದರು. ಆದರೆ ತಮ್ಮ ತಪ್ಪು ಬರೆಯದಿದ್ದರೆ ತಮ್ಮ ಬಗ್ಗೆ ಬರೆಯುವುದೇ ಬೇಡ ಎಂದು ಸ್ವತಃ ಸಾಹೇಬರೇ ಹೇಳಿ ಕಳಿಸಿದ್ದಾರೆ. ಆದ್ದರಿಂದ ಬರೆಯಬೇಕಾಗಿದೆ.

ಅರವತ್ತೊಂಬತ್ತರ ಜನವರಿ. ಶಹಾಬಾದದಲ್ಲಿ ಕಲ್ಲಿನ ಕಣಿ ಇದ್ದ ಸಾಹುಕಾರ ಗುರುಲಿಂಗಯ್ಯನವರ ಮನೆಯಲ್ಲಿ ಆರು ಮರಿ. ತಂದೆ ‘ಸುಲ್ತಾನ’, ಮುಂಬಯಿಯಿಂದ ಏಳು ತಲೆಮಾರಿನ ಕಾಗದದೊಂದಿಗೆ ಬಂದ ನಾಯಿ. ಅದರ ಫೋಟೋ ಸಾಹುಕಾರರ ಪಡಸಾಲೆಯಲ್ಲಿ ಹಿರಿಯರ ಫೋಟೋದ ಸಾಲಿನಲ್ಲೇ ಇತ್ತು. ಮರಿ ಒಯ್ಯಲು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಐದೂ ಊರುಗಳಿಂದ ಜನ ಬಂದು ಪಡಸಾಲೆ ತುಂಬಿ ಕುಳಿತಿದ್ದರು, ಚಹಾ ನಡೆದಿತ್ತು. ಫರಸಿ ಕಲ್ಲಿನ ನುಣುಪು ನೆಲದ ಮೇಲೆ ಆರೂ ಮರಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಮ್ಮ ಕಡೆ ಯಾವ ಮನೆಗೆ ಹೋದರೂ ಅದೇ ನೆಲ. ಬೇಸಿಗೆಯಲ್ಲಿ ಅದರಷ್ಟು ಸುಖ ಬೇರೆಯಿಲ್ಲ, ಥಂಡಿಯಲ್ಲಿ ಅದು ಐಸು. ಮರಿಗಳು ಗಡಗಡ ನಡುಗುತ್ತಿದ್ದವು. ಸಾಹೇಬರು ಮೊಣಕಾಲೂರಿ ಕುಳಿತು ಒಂದೊಂದರ ಎದೆ ಕೇಳಿದರು. ಕೊನೆಯದು ಎಲ್ಲಕ್ಕಿಂತ ಸಣ್ಣದು. ಅದರ ಎದೆಯಲ್ಲಿ ಏನೋ ಸರಸರ ಕೇಳಿತು. ಅವರು ಸ್ಟೆತಸ್ಕೋಪು ತೆಗೆದು ಒರೆಸಿ ಮತ್ತೆ ಹಚ್ಚಿದರು.

“ಏನ್ರಿ ಸಾಬ್ರ, ಸುಲ್ತಾನನ ಮಕ್ಕಳ ಎದಿ ನಿಮ್ಮ ಕಿವ್ಯಾಗ ಹಿಡಿಯವಲ್ದೇನ್ರಿ?” ಎಂದು ಗುರುಲಿಂಗಯ್ಯನವರು ಚಹಾದ ಬಸಿ ಕೆಳಗಿಟ್ಟು ಕೇಳಿದರು. ಕುಳಿತವರೆಲ್ಲ ನಕ್ಕರು.

ಮರಿ ನಡುಗುತ್ತಿದೆ, ನಡುಗುವ ಮೈಯ ಸದ್ದು ಇದು ಎಂದು ಸಾಹೇಬರು ಮನಸ್ಸಿಗೆ ಹೇಳಿಕೊಂಡರು. ಆರು ಚೀಟಿ ಬರೆದರು. ಆರರ ಮೇಲೂ ‘ಠೀಕ’.

ಐದು ಮರಿಗಳನ್ನು ದೊಡ್ಡ ದೊಡ್ಡವರು ಒಯ್ದರು. ಉಳಿದ ಸಣ್ಣ ಮರಿಯನ್ನು ಸಾಹುಕಾರರು ತಮ್ಮ ಕಣಿಯ ಕಾವಲುಗಾರ ಸಾಬಣ್ಣನಿಗೆ ಕೊಟ್ಟರು. ಕಲ್ಲು ಬಿದ್ದು ಪಾದ ಜಜ್ಜಿ ಹೋಗಿದ್ದರಿಂದ ಸಾಬಣ್ಣ ಕುಂಟುತ್ತ ನಡೆಯುತ್ತಿದ್ದ. ಹೆಂಡತಿ ಇಲ್ಲ, ಅಕ್ಕನ ಮನೆಯಲ್ಲಿ ಊಟ. ಅವನು ಮರಿಗೆ ಮೋತಿ ಎಂದು ಹೆಸರಿಟ್ಟು ಏನು ಕಲಿಸಿದನೆಂದರೆ, ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಅದು ಬಾಯಲ್ಲಿ ಕಚ್ಚಿಕೊಂಡು ಮನೆಯಿಂದ ಕಣಿಯವರೆಗೆ ಒಂದು ಮೈಲಿ ತಂದುಕೊಡುತ್ತಿತ್ತು. ದಾರಿಯ ಮಂದಿಯೆಲ್ಲ ನಿಂತು ನೋಡುತ್ತಿದ್ದರು. ಹನ್ನೊಂದು ತಿಂಗಳು ತುಂಬಿದ ಮೇಲೆ, ಡಿಸೆಂಬರಿನ ಒಂದು ಮಧ್ಯಾಹ್ನ, ಕಣಿಯ ದಂಡೆಯಲ್ಲಿ ಸಾಬಣ್ಣನನ್ನು ಕಂಡು ಜಿಗಿದೋಡಿ ಬಂದ ಮೋತಿ ಹತ್ತು ಹೆಜ್ಜೆ ದೂರದಲ್ಲಿ ಮುಗ್ಗರಿಸಿ ಬಿತ್ತು, ಏಳಲಿಲ್ಲ. ಗಂಟು ಬಾಯಲ್ಲಿ ಹಾಗೆಯೇ ಇತ್ತು.

ಹಾವು ಕಡಿಯಿತು ಎಂದರು ಕೆಲವರು, ಯಾರೋ ವಿಷ ಹಾಕಿದರು ಎಂದರು ಕೆಲವರು. ಸುದ್ದಿ ಕೇಳಿದ ಸಾಹೇಬರು ಸಾಬಣ್ಣನ ಒಪ್ಪಿಗೆ ತೆಗೆದುಕೊಂಡು, ಮೋತಿಯನ್ನು ಚೀಲದಲ್ಲಿ ಸುತ್ತಿ, ಆಗ ಚಿತ್ತಾಪುರದಲ್ಲಿದ್ದ ಮಡಿವಾಳಯ್ಯ ಡಾಕ್ಟರ ಬಳಿಗೆ ಒಯ್ದರು. ಸಾಬಣ್ಣನೂ ಜೊತೆಗೆ ಬಂದ. ಡಾಕ್ಟರು ಗುಂಡಿಗೆ ಬಿಚ್ಚಿ, ದೊಡ್ಡ ರಕ್ತನಾಳ ಹೊರಡುವ ಬಾಗಿಲ ಕೆಳಗೆ ಬೆರಳಿಟ್ಟು ತೋರಿಸಿದರು: ಅಲ್ಲಿ ಬಿಳಿಯ ದಾರ ಬಿಗಿದಂತೆ ಒಂದು ಗಟ್ಟಿ ಉಂಗುರ. ಮರಿ ಬೆಳೆದಿತ್ತು, ಉಂಗುರ ದಾರಿ ಬಿಟ್ಟಿರಲಿಲ್ಲ.

“ಇದು ಹುಟ್ಟಿದಾಗಿಂದ ಅದ. ಓಡಿದಾಗ ಗುಂಡಿಗಿ ನಿಂತದ,” ಎಂದರು ಡಾಕ್ಟರು.

ಸಾಹೇಬರು ಆ ಉಂಗುರದ ಮೇಲೆ ಬೆರಳಾಡಿಸಿ ನೋಡಿದರು. ಅವರನ್ನು ಬಿಟ್ಟರೆ ಅಲ್ಲಿದ್ದವರು ಇಬ್ಬರೇ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಸಾಬಣ್ಣನ ಕಡೆಗೆ ತಿರುಗಿದರು.

“ಸಾಬಣ್ಣ, ಅವತ್ತ ನನಗ ಇದು ಕೇಳಿತ್ತು. ನಡುಗಾಕತ್ತದ ಅಂತ ಬಿಟ್ಟೆ. ಮಂದಿ ನಗಾಕತ್ತಿದ್ರು, ನನಗ ನಾಚಿಕಿ ಬಂತು. ತಪ್ಪು ನಂದದ. ಆ ಚೀಟಿ ತಿರುಗಿ ಕೊಡು. ಅದರ ಮ್ಯಾಲಿನ ಮಾತು ಸುಳ್ಳದ.”

ಸಾಬಣ್ಣ ಅಂಗಿಯ ಕಿಸೆ ಮುಟ್ಟಿಕೊಂಡ. ಚೀಟಿ ಅಲ್ಲೇ ಇತ್ತು. “ಕೊಡಂಗಿಲ್ಲ ಸಾಬ್ರ,” ಎಂದ. “ಕೊಟ್ರ ನೀವು ಹರದು ಒಗೀತೀರಿ. ನಾಳಿ ಮತ್ತೊಂದು ಬರೀತೀರಿ. ಇದು ನನ್ನ ಕಡೀನ ಇರ್ಲಿ. ಬರಿಯೂ ಮುಂದ ಸಾಬಣ್ಣನ ಕಿಸೆದಾಗ ಒಂದದ ಅಂತ ನೆನಪಿರ್ಲಿ ನಿಮಗ.”

ಆ ಚೀಟಿ ಹದಿನೈದು ವರ್ಷ ಅವನ ಕಿಸೆಯಲ್ಲೇ ಉಳಿಯಿತು.

ಮರುದಿನ ಸಾಹೇಬರು ದವಾಖಾನೆಗೆ ಬಂದು ಮಾಡಿದ ಮೊದಲ ಕೆಲಸ, ಮನೆಮನೆಗೆ ಕೌದಿ ಹೊಲಿದುಕೊಡುತ್ತಿದ್ದ ಶರಣಬಸಮ್ಮನಿಗೆ, “ತಂಗೀ, ಹಳೀ ಸೀರಿವು, ಹಳೀ ಧೋತರದವು ಹಾಕಿ ದಪ್ಪಂದು ಒಂದು ಕೌದಿ ಹೊಲದು ಕೊಡು,” ಎಂದು ಹೇಳಿದ್ದು. ಇನ್ನು ಮೇಲೆ ಯಾವ ಮರಿಯನ್ನೂ ಕಲ್ಲಿನ ನೆಲದ ಮೇಲೆ ಕೇಳುವುದಿಲ್ಲ. ಕೌದಿಯ ಮೇಲೆ ಮಲಗಿಸಿ, ಮೈ ಬೆಚ್ಚಗಾಗಿ ನಡುಕ ಪೂರ್ತಿ ನಿಂತ ಮೇಲೆಯೇ ಕೇಳುವುದು. ಕಲ್ಲು ಕಡಿಯುವವರ ಮಗನಿಗೆ, ಹುಟ್ಟಿದಾಗಿನಿಂದ ಆಡಿ ಮಲಗಿ ಎದ್ದ ಆ ನೆಲ ಮೋಸ ಮಾಡೀತೆಂದು ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಕೌದಿ ತಯಾರಾಗುತ್ತಲೇ ರಜೆ ಬರೆದು ಕೊಟ್ಟು, ಅದನ್ನು ಹೆಗಲಿಗೆ ಹಾಕಿಕೊಂಡು, ಉಳಿದ ಐದು ಚೀಟಿಗಳನ್ನು ಹಿಂದಕ್ಕೆ ಇಸಿದುಕೊಳ್ಳಲು ಅವರು ಹೊರಟರು. ಶಹಾಬಾದದಲ್ಲೊಂದು, ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಯಲ್ಲೊಂದು, ಚಿತ್ತಾಪುರದಲ್ಲೊಂದು, ಸೇಡಂನಲ್ಲೊಂದು, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿಗೆ. ಪ್ರತಿ ಮನೆಯ ಬಾಗಿಲಲ್ಲೂ ಅವರ ಮೊದಲ ಮಾತು ಒಂದೇ: “ನಾ ತಪ್ಪು ಕೇಳಿದ್ದೆ, ಮತ್ತ ಕೇಳಾಕ ಬಂದೀನಿ.” ವಾಡಿಯ ಜಂಕ್ಷನ್ನಿನಲ್ಲಿ ಗೂಡ್ಸು ಗಾಡಿಗಳ ಸದ್ದು ಅಡಗುವವರೆಗೆ ಎರಡು ತಾಸು ಕಾದರು. ಮೂರು ನಾಯಿಗಳ ಎದೆ ಚೊಕ್ಕವಾಗಿತ್ತು. ವಾಡಿಯದರಲ್ಲಿ ಮತ್ತು ಸೇಡಂನದರಲ್ಲಿ ಆ ಸರಸರ ಇತ್ತು.

ಸೇಡಂನ ಎಣ್ಣೆಗಾಣದ ಮಾಲೀಕ ಅಬ್ದುಲ್ ಕರೀಮ್ ನಂಬಲಿಲ್ಲ. “ಏನ್ ಮಾತಾಡ್ತೀರಿ ಸಿರಾಜಮಿಯಾ! ನನ್ನ ಟೈಗರ್ ದಿನಾ ಎರಡು ಸೇರು ಹಾಲು ಹೊಡೀತದ. ನನ್ನಕಿನ್ನ ಚಲೊ ಅದ.”

“ಹಾಲು ಹೊಟ್ಟಿಗಿ ಹೋಗ್ತದ್ರಿ ಭಾಯಿ, ಗುಂಡಿಗಿಗಿ ಹೋಗಂಗಿಲ್ಲ. ಮನ್ಯಾಗ ಇಟ್ಕೊಳ್ರಿ, ಮುದ್ದು ಮಾಡ್ರಿ. ಭಾಳ ಓಡಸಬ್ಯಾಡ್ರಿ, ಅದರ ಮರಿ ಮಾತ್ರ ತೆಗೀಬ್ಯಾಡ್ರಿ.”

“ಅಂದ್ರ ನಾ ಅದನ್ನ ಅಳಿಯನಂಗ ಕುಂದರಿಸಿ ಉಣಿಸಬೇಕಂತೀರಿ?”

“ಹೂಂ ಮತ್ತ. ನಿಮ್ಮ ಖರೆ ಅಳಿಯಕಿನ್ನ ಕಡಿಮಿ ಉಣ್ತದ ಬಿಡ್ರಿ.” ಅಬ್ದುಲ್ ಕರೀಮರು ಹೊಟ್ಟೆ ಕುಣಿಸಿ ನಕ್ಕು ಚೀಟಿ ಹಿಂದಕ್ಕೆ ಕೊಟ್ಟರು. ಟೈಗರ್ ಅಂಗಳ ಬಿಟ್ಟು ಓಡದೆ ಏಳು ವರ್ಷ ಬಾಳಿತು.

ಮಕ್ಕಳಲ್ಲಿ ಮೂರಕ್ಕೆ ದೋಷ ಎಂದ ಮೇಲೆ ತಂದೆಯನ್ನು ಕೇಳಲೇಬೇಕು. ಆದರೆ ಗುರುಲಿಂಗಯ್ಯನವರು ಸಿಡಿದೆದ್ದರು. “ನನ್ನ ಸುಲ್ತಾನಗ ಐದು ವರ್ಷ. ಇಲ್ಲಿತನಕ ಒಂದು ದಿನ ಕೆಮ್ಮಿಲ್ಲ. ದನದ ದವಾಖಾನಿ ಕಂಪೌಂಡರ್ ಬಂದು ಏಳು ತಲಿ ವಂಶಕ್ಕ ಹೆಸರಿಡಬೇಕೇನು?” ಎಂದು ಬಾಗಿಲಿನಿಂದಲೇ ಕಳಿಸಿದರು. ಮುಂದಿನ ತಿಂಗಳು ವಾಡಿಯ ರೈಲ್ವೆ ಶಾಲೆಯ ಮಾಸ್ತರಿಣಿ ವಿಮಲಾಬಾಯಿಯವರ ‘ಜೂಲಿ’ಯನ್ನು ಸುಲ್ತಾನನಿಗೆ ಕೂಡಿಸುವುದೆಂದು ಮಾತಾಗಿತ್ತು; ಹುಟ್ಟುವ ಮರಿಗಳಿಗೆ ಆಗಲೇ ಹೇಳಿಟ್ಟವರು ಹನ್ನೆರಡು ಜನ. ಅಷ್ಟರೊಳಗೆ ಸುಲ್ತಾನನ ಎದೆ ಕೇಳದೆ ಹೋದರೆ ಇನ್ನೊಂದು ಸಾಲು ಮೋತಿಗಳು ಹುಟ್ಟುವುದು ಖಂಡಿತ ಎಂದು ಸಾಹೇಬರಿಗೆ ಗೊತ್ತಿತ್ತು. ಅವರು ವಾಡಿಗೆ ಹೋಗಿ ಇದ್ದದ್ದನ್ನು ಇದ್ದಂತೆ ವಿಮಲಾಬಾಯಿಯವರಿಗೆ ಹೇಳಿದರು. ಆ ತಾಯಿ ಮರುದಿನದ ಗಾಡಿಗೆ ಶಹಾಬಾದಕ್ಕೆ ಬಂದಿಳಿದರು.

“ಅಯ್ಯನವರ, ಹೆಣ್ಣಿನ ಕಡೇರು ಬಂದೀನ್ರಿ,” ಎಂದರು ಪಡಸಾಲೆಯಲ್ಲಿ ನಿಂತೇ. “ವರನ ವಂಶ ಚಲೊ ಅದ ಅಂತ ಗೊತ್ತದ. ವರನ ಎದಿ ಹ್ಯಾಂಗದ ಅಂತ ಕೇಳೋದು ನಮ್ಮ ಹಕ್ಕದ. ಸಿರಾಜಸಾಬ್ರ ಚೀಟಿ ಇಲ್ದ ನನ್ನ ಜೂಲಿ ಈ ಮನಿ ಹೊಸ್ತಿಲ ದಾಟಂಗಿಲ್ಲ.”

ಗುರುಲಿಂಗಯ್ಯನವರು ಹಟಮಾರಿ ನಿಜ, ಅನ್ಯಾಯದವರಲ್ಲ. ಮೀಸೆ ತಿರುವಿ, “ಕರೀರಿ ಅವರ್ನ,” ಎಂದರು. ಆದರೆ ಹೊರಗೆ ಅವರದೇ ಕಲ್ಲು ಪುಡಿ ಮಾಡುವ ಯಂತ್ರ ಗರಗರ ಎನ್ನುತ್ತಿತ್ತು. ಸಾಹೇಬರು ಬಂದು ಕೌದಿ ಬಿಚ್ಚಿ ಹಾಸಿ, ಸುಲ್ತಾನನನ್ನು ಅದರ ಮೇಲೆ ಮಲಗಿಸಿ, ಸುಮ್ಮನೆ ಕುಳಿತರು.

“ಯಾಕ್ರಿ, ಕೇಳವಲ್ರಿ?”

“ನಿಮ್ಮ ಮಷೀನಿನ ಎದಿ ಕೇಳಾಕತ್ತದ್ರಿ. ನಾಯಿದು ಕೇಳವಲ್ದು.”

ಸಾಹುಕಾರರು ತಡೆಯಲಾರದೆ ನಕ್ಕು, ಆಳು ಕಳಿಸಿ ಯಂತ್ರ ನಿಲ್ಲಿಸಿದರು. ಊರಿಗೆ ಊರೇ ಒಮ್ಮೆಲೇ ತಣ್ಣಗಾದಂತಾಯಿತು. ಸಾಹೇಬರು ಎಡಗಡೆ ಕೇಳಿದರು, ಕಂಕುಳ ಮೇಲೆ ಕೇಳಿದರು, ಕೊರಳ ಬುಡದಲ್ಲಿ ಕೇಳಿದರು, ತೊಡೆಯ ನಾಡಿ ಹಿಡಿದು ನೋಡಿದರು. ಆಮೇಲೆ ಸುಲ್ತಾನನನ್ನು ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ ತಂದು ಮತ್ತೆ ಕೇಳಿದರು. ಕೊನೆಗೆ, ತಮ್ಮ ಗುರುಗಳು ಅಂದು ತಮಗೆ ಮಾಡಿದಂತೆಯೇ, ಸ್ಟೆತಸ್ಕೋಪನ್ನು ಗುರುಲಿಂಗಯ್ಯನವರ ಕಿವಿಗೆ ಹಾಕಿದರು. ಮೊದಲು ಪಕ್ಕದಲ್ಲಿದ್ದ ಇನ್ನೊಂದು ನಾಯಿಯ ಎದೆ ಕೇಳಿಸಿದರು, ಆಮೇಲೆ ಸುಲ್ತಾನನದು.

ಸಾಹುಕಾರರ ಮುಖ ಬದಲಾಯಿತು. “ಇದರಾಗ ಬ್ಯಾರೆ ಏನೋ ಅದ,” ಎಂದರು ಮೆಲ್ಲಗೆ.

“ಸಣ್ಣದದ್ರಿ. ಇವನಿಗಿ ಕಾಡಂಗಿಲ್ಲ, ಪೂರಾ ಆಯುಷ್ಯ ಬದುಕ್ತಾನ. ಮಕ್ಕಳ ಎದ್ಯಾಗ ದೊಡ್ಡದಾಗ್ತದ.”

ಗುರುಲಿಂಗಯ್ಯನವರು ಬಾಗಿ ನಾಯಿಯ ತಲೆ ಸವರಿದರು. ಎದ್ದಾಗ ಅವರು ಹೇಳಿದ ಮಾತನ್ನು ಈ ಭಾಗದ ನಾಯಿ ಸಾಕುವವರು ಇಂದಿಗೂ ನೆನೆಯುತ್ತಾರೆ. “ಸುಲ್ತಾನ ನನ್ನ ಮನ್ಯಾಗ ಸುಲ್ತಾನನೇ ಇರ್ತಾನ. ಅವನ ವಂಶ ಇಲ್ಲಿಗಿ ಮುಗೀತು. ಮತ್ತ ನೋಡ್ರಿ ಸಾಬ್ರ, ಪ್ರತಿ ತಿಂಗಳು ಮೊದಲನೇ ಐತವಾರ ನನ್ನ ಮಷೀನು ಬಂದ್ ಇರ್ತದ. ಆ ದಿನ ಎಲ್ಲಾರ ಮರಿ ಇಲ್ಲೇ ಕೇಳ್ರಿ.” ಸುಲ್ತಾನನ ಫೋಟೋ ಹಿರಿಯರ ಸಾಲಿನಿಂದ ಇಳಿಯಲಿಲ್ಲ, ಸಾಹುಕಾರರು ಕೊಟ್ಟ ಮಾತೂ ತಪ್ಪಲಿಲ್ಲ.

ಮೊದಲನೆಯ ಐತವಾರದ, ಅಂದರೆ ಭಾನುವಾರದ, ಆ ಕೂಟ ಹದಿನಾಲ್ಕು ವರ್ಷದಿಂದ ನಡೆದುಬಂದಿದೆ. ರಿಜಿಸ್ಟರಿನ ಮೇಲಿನ ‘ಮೈಸೂರು ರಾಜ್ಯ’ ಹೋಗಿ ‘ಕರ್ನಾಟಕ’ ಬಂತು, ಸಾಹೇಬರಿಗೆ ವಾಡಿಗೂ ಅಲ್ಲಿಂದ ಚಿತ್ತಾಪುರಕ್ಕೂ ವರ್ಗವಾಯಿತು; ಆ ದಿನ ಮಾತ್ರ ಅವರು ಕೌದಿಯ ಮುಂದೆ ಹಾಜರು. ಅವರ ನಿಯಮ ಈಗ ಬೇರೆಯಾಗಿತ್ತು: ಒಂದೇ ಸಲ ಕೇಳಿ ಚೀಟಿ ಕೊಡುವಂತಿಲ್ಲ. ಎಂಟು ವಾರ ತುಂಬಿದಾಗ ಕೇಳಿ ಪೆನ್ಸಿಲಿನಲ್ಲಿ ಬರೆಯುವುದು, ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಕೇಳಿ ಶಾಯಿಯಲ್ಲಿ ಬರೆಯುವುದು. ಏಕೆಂದರೆ ಕೆಲವು ದೋಷ ಮರಿ ಬೆಳೆದಂತೆ ಬೆಳೆದು ಆಮೇಲೆ ಕೇಳುತ್ತದೆ. ಇನ್ನು ಕೆಲವು ಎಳೆಯ ಮರಿಗಳ ಎದೆಯಲ್ಲಿ ಕೇಳುವ ಮೆತ್ತನೆಯ ಸದ್ದು ದೋಷವೇ ಅಲ್ಲ, ನಾಲ್ಕೈದು ತಿಂಗಳಿಗೆ ತಾನಾಗಿ ಹೋಗುತ್ತದೆ. ಚಿಂಚೋಳಿಯ ಒಬ್ಬರು ಇಂಥ ಸದ್ದಿನ ಮರಿಯೊಂದನ್ನು ಬಿಟ್ಟುಬಿಡಲು ಹೊರಟಾಗ, ಸಾಹೇಬರು ಅದನ್ನು ತಮ್ಮ ದವಾಖಾನೆಯ ಹಿತ್ತಿಲಲ್ಲೇ ಐದು ತಿಂಗಳು ಸಾಕಿ, ಸದ್ದು ಅಳಿದ ಮೇಲೆ ಅದೇ ಮನೆಗೆ ಮುಟ್ಟಿಸಿ ಬಂದರು. ರಿಜಿಸ್ಟರಿನಲ್ಲಿ ನಾನೂರ ಹನ್ನೆರಡು ಮರಿಗಳಿವೆ. ಮೊದಲ ವರ್ಷಗಳಲ್ಲಿ ದೋಷವಿದ್ದ ಮರಿಯ ಕೆಳಗೆ ಎಳೆದ ಕೆಂಪು ಗೆರೆ ಪುಟಕ್ಕೆರಡು ಕಾಣುತ್ತವೆ. ಕೊನೆಯ ವರ್ಷಗಳಲ್ಲಿ ನಾಲ್ಕು ಪುಟ ತಿರುವಿದರೂ ಒಂದು ಕಾಣುವುದಿಲ್ಲ.

ಎಪ್ಪತ್ತೆರಡರಲ್ಲಿ ಜೂಲಿಗೆ, ದೂರದಿಂದ ಬಂದ ಬೇರೆ ವಂಶದ ಗಂಡಿನಿಂದ, ಹುಟ್ಟಿದ ಒಂದು ಮರಿಯನ್ನು ಸಾಹೇಬರು ಸಾಬಣ್ಣನ ಮನೆಗೆ ಒಯ್ದರು. ಅವನು ಒಳಗೆ ಕರೆಯಲಿಲ್ಲ. “ಎಷ್ಟು ಸಲ ಕೇಳೀರಿ?” ಎಂದ. “ಒಂದು ಸಲ.” “ಹಂಗಾದ್ರ ಇನ್ನೊಂದು ಸಲ ಕೇಳಿ ತರ್ರಿ.” ಸಾಹೇಬರು ಮರಿಯನ್ನು ಹಿಂದಕ್ಕೆ ತಂದು, ವರ್ಷ ತುಂಬುವವರೆಗೆ ವಿಮಲಾಬಾಯಿಯವರಲ್ಲಿ ಇಟ್ಟು, ಮತ್ತೆ ಕೇಳಿ, ಶಾಯಿಯ ಚೀಟಿಯೊಂದಿಗೆ ಒಯ್ದು ಕೊಟ್ಟರು. ಸಾಬಣ್ಣ ನಾಯಿಯನ್ನು ತೆಗೆದುಕೊಂಡ. ಹಳೆಯ ಚೀಟಿಯನ್ನು ಮಾತ್ರ ಕೊಡಲಿಲ್ಲ. ಹೊಸ ನಾಯಿಗೂ ಅವನು ಮೋತಿ ಎಂದೇ ಹೆಸರಿಟ್ಟ. ಹನ್ನೊಂದು ವರ್ಷ ಅದು ಅವನ ರೊಟ್ಟಿಗಂಟು ಹೊತ್ತಿತು.

ಈ ವರ್ಷ, ಎಂಬತ್ತನಾಲ್ಕರಲ್ಲಿ, ಚಿತ್ತಾಪುರದ ಪಶು ಆಸ್ಪತ್ರೆಯಲ್ಲಿ ಸಾಹೇಬರ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಭಾಷಣ ಎಲ್ಲ ಆದ ಮೇಲೆ ಬಾಗಿಲ ಬಳಿಯಿಂದ ಸಾಬಣ್ಣ ಕೋಲೂರಿಕೊಂಡು ಮುಂದೆ ಬಂದ. ಕಿಸೆಯಿಂದ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಲಿದ್ದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅರವತ್ತೊಂಬತ್ತರ ಜನವರಿಯದು.

“ಇದನ್ನ ಇನ್ನ ತಗೊಳ್ರಿ ಸಾಬ್ರ. ನೀವು ಬರಿಯೂದೇ ನಿಲ್ಲಿಸಿದ ಮ್ಯಾಲ ನನ್ನ ಕಿಸೆದಾಗ ಇದಕೇನು ಕೆಲಸ?”

ಸಾಹೇಬರು ಎರಡೂ ಕೈಯಿಂದ ಆ ಚೀಟಿಯನ್ನು ತೆಗೆದುಕೊಂಡರು. ಮಡಿಚಿ ತಮ್ಮ ಕಿಸೆಯಲ್ಲಿಟ್ಟುಕೊಂಡರು. ಸಾಬಣ್ಣ ಬಿಡಲಿಲ್ಲ.

“ನಾನೂರು ಎದಿ ಕೇಳೀರಿ. ನಿಮ್ಮ ಎದಿ ಯಾರು ಕೇಳ್ಯಾರ? ಎಲ್ಲದ ಆ ಕೌದಿ? ಹಾಸ್ರಿ. ಆ ಫ್ಯಾನು ಬಂದ್ ಮಾಡ್ರಿ. ನಕ್ಕವರು ಹೊರಗ ಹೋಗ್ರಿ.”

ಕೌದಿ ಹಾಸಿದರು. ಸಿರಾಜುದ್ದೀನ ಸಾಹೇಬರು, ಕೊರಳಲ್ಲಿ ಹಾರ ಹಾಕಿಕೊಂಡೇ, ಅದರ ಮೇಲೆ ಕುಳಿತರು. ಸಾಬಣ್ಣ ಅವರ ಕೊರಳಿನ ಸ್ಟೆತಸ್ಕೋಪು ತೆಗೆದು ತನ್ನ ಕಿವಿಗೆ ಹಾಕಿಕೊಂಡು, ಅವರಿಂದಲೇ ನೋಡಿ ಕಲಿತಂತೆ, ಮೊದಲು ಎಡಗಡೆ, ಆಮೇಲೆ ಕಂಕುಳ ಮೇಲೆ, ಆಮೇಲೆ ಕೊರಳ ಬುಡದಲ್ಲಿ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ಐದೂ ಊರುಗಳಿಂದ ಬಂದ ಜನ ಸುತ್ತ ನಿಂತು ನೋಡಿದರು.

“ಠೀಕ ಅದ,” ಎಂದ ಕೊನೆಗೆ. “ಆದ್ರ ಇದು ಪೆನ್ಸಿಲ್ ಚೀಟಿ. ವರ್ಷ ತುಂಬಿದ ಮ್ಯಾಲ ಮತ್ತ ಬರ್ರಿ, ಕೇಳ್ತೀನಿ.”

ನಮ್ಮ ಕೋರಿಕೆಯೂ ಅದೇ. ಸಾಹೇಬರು ಈಗಲೂ ಮೊದಲನೆಯ ಐತವಾರ ಶಹಾಬಾದದ ಗಾಡಿ ಹತ್ತುತ್ತಾರೆ, ಕೌದಿಗೆ ಈ ವರ್ಷ ಹೊಸ ಅಂಚು ಹಚ್ಚಿ ಕೊಟ್ಟಿದೆ, ಮರಿಗಳು ಇನ್ನೂ ಬರುತ್ತಿವೆ. ಆ ಕಿವಿ ಇನ್ನೂ ಬಹುಕಾಲ ಚುರುಕಾಗಿರಲಿ, ಹಸೀನಾಬೇಗಂ ಅವರೊಂದಿಗೆ ಸುಖವಾಗಿ ಬಾಳಲಿ, ವರ್ಷ ವರ್ಷವೂ ಸಾಬಣ್ಣನ ಮುಂದೆ ಕೌದಿಯ ಮೇಲೆ ಕುಳಿತು ‘ಮತ್ತ ಬರ್ರಿ’ ಎನ್ನಿಸಿಕೊಳ್ಳಲಿ. ಶಾಯಿಯ ಚೀಟಿ ಬರೆಯಲು ಯಾರಿಗೂ ಅವಸರವಿಲ್ಲ.